ಮೂವತ್ತನಾಲ್ಕು ಡಿಗ್ರಿಯ ಗುಡ್ಡ

ಬಿಸಿಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಬಹಳ ಕಡಿಮೆ. ಹಾಗೆಂದು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರು ಹೇಳಲಿ ಎಂದು ಕಾಯುತ್ತ ಕೂರುವುದಿಲ್ಲ. ಅಷ್ಟೆಲ್ಲ ಗೊತ್ತಿದ್ದೂ ಬಿಸಿಯ ದೆಸೆಯಿಂದಲೇ ನಗೆಪಾಟಲಾಗುವ ಪ್ರಸಂಗಗಳು ವರ್ಷಕ್ಕೆ ಎರಡಾದರೂ ನನ್ನನ್ನು ಹುಡುಕಿಕೊಂಡು ಬರುತ್ತವೆ. ಒಂದು ವರ್ಷವಂತೂ ಸಾಲುಗಟ್ಟಿ ಬಂದವು.

ಮನೆಮನೆಯಲ್ಲೂ ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕುತ್ತಿದ್ದ ಕಾಲ ಅದು. ನಾನು ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿ ಒಂದು ಸಣ್ಣ ಕಂಪನಿಯ ಲ್ಯಾಬಿನಲ್ಲಿದ್ದೆ. ಎಲ್‌ಇಡಿ ದೀಪ ಮುಂದಿನಿಂದ ತಣ್ಣಗಿದ್ದರೂ ಅದರ ಬೆನ್ನು ಕಾಯುತ್ತದೆ. ಆ ಬಿಸಿಯನ್ನು ಹೊರಗೆ ಸಾಗಿಸದಿದ್ದರೆ ದೀಪ ಬೇಗ ಕೆಡುತ್ತದೆ. ಬೆನ್ನಿಗೆ ಲೋಹ ಇಟ್ಟರೆ ತೂಕ ಹೆಚ್ಚು, ಜೊತೆಗೆ ಕರೆಂಟೂ ಹರಿಯುತ್ತದೆ. ಪ್ಲಾಸ್ಟಿಕ್ ಇಟ್ಟರೆ ಬಿಸಿ ಹೋಗುವುದೇ ಇಲ್ಲ. ಪ್ಲಾಸ್ಟಿಕ್ಕಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಬಿಳಿ ಪುಡಿ ಬೆರೆಸಿ, ಬಿಸಿ ಹೋಗುವ ಆದರೆ ಕರೆಂಟು ಹೋಗದ ಹಾಳೆ ಮಾಡುವುದು ನಮ್ಮ ಕೆಲಸ. ಪುಡಿಗೆ ನ್ಯಾನೋ ಪುಡಿ ಎಂದು ಹೆಸರು.

ಲ್ಯಾಬಿನಲ್ಲಿ ಇದ್ದವರು ಇಬ್ಬರೇ. ನಾನೊಬ್ಬ, ಇನ್ನೊಬ್ಬ ಟೆಕ್ನಿಶಿಯನ್. ಅರವತ್ತು ದಾಟಿದ, ಬೂಟು ಟೋಪಿ ಬಿಡದ ಟೆಕ್ಸಾಸ್ ಮನುಷ್ಯ. ಮನೆಯಲ್ಲಿ ನಾನು ಅವನನ್ನು ಅಜ್ಜ ಎಂದೇ ಹೇಳುತ್ತಿದ್ದೆ, ಇಲ್ಲಿಯೂ ಹಾಗೇ ಇರಲಿ. ಜನವರಿಯ ಮೊದಲ ವಾರ ಬಾಸ್ ಇಬ್ಬರನ್ನೂ ಕರೆದು, ಹೂಸ್ಟನ್‌ನ ದೀಪದ ಕಂಪನಿಯವರು ಈ ಬೇಸಿಗೆಯೊಳಗೆ ನಮ್ಮ ಹಾಳೆಯನ್ನು ಒಪ್ಪದಿದ್ದರೆ ಲ್ಯಾಬಿಗೆ ಬೀಗ ಎಂದರು. ನಾನು ಎಲ್ಲಾದರೂ ಬದುಕಿಕೊಂಡೇನು. ಅಜ್ಜನಿಗೆ ರಿಟೈರ್ ಆಗಲು ಎರಡೇ ವರ್ಷ ಉಳಿದಿತ್ತು, ಆ ವಯಸ್ಸಿನಲ್ಲಿ ಹೊಸ ಕೆಲಸ ಕೊಡುವವರು ಯಾರು? ಹೊರಗೆ ಬಂದ ಮೇಲೆ ನಾನು ಅವನ ಬೆನ್ನು ತಟ್ಟಿ, ಚಿಂತೆ ಮಾಡಬೇಡ, ಎಲ್ಲಾ ನನ್ನ ಕೈಯಲ್ಲಿದೆ ಎಂದೆ.

ಅಜ್ಜ ಕಾಫಿ ಗುಟುಕರಿಸಿ, ಚಿಂತೆ ಅದೇ ಎಂದ.

ಕೈ ಸುಡುವ ಹಿಡಿಕೆ

ಸಂಕ್ರಾಂತಿಯ ದಿನ ಇರ್ವಿಂಗ್‌ನ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಂಕಲ್. ಅವರು ಹಿಂದೆ ಮುಂದೆ ಇದ್ದವರನ್ನೆಲ್ಲ ಏನು ಕೆಲಸ ಎಂದು ವಿಚಾರಿಸುತ್ತಿದ್ದರು. ಒಬ್ಬರು ಸಾಫ್ಟ್‌ವೇರ್ ಎಂದರು. ಇನ್ನೊಬ್ಬರು ಹಾರ್ಟ್ ಡಾಕ್ಟರ್ ಎಂದರು. ಅಂಥವರಿಗೆ ಒಂದು ಮಾತು ಸಾಕು. ನನ್ನ ಕೆಲಸ ಹೇಳಲು ಕನಿಷ್ಠ ಹತ್ತು ನಿಮಿಷ ಬೇಕು, ಮತ್ತು ನಾನು ಹತ್ತು ನಿಮಿಷವನ್ನೂ ತೆಗೆದುಕೊಳ್ಳುವವನು.

ಎಲ್‌ಇಡಿಯಿಂದ ಶುರು ಮಾಡಿ, ಪುಡಿ, ಪ್ಲಾಸ್ಟಿಕ್, ಬಿಸಿ ಒಂದು ಕಣದಿಂದ ಇನ್ನೊಂದು ಕಣಕ್ಕೆ ದಾಟುವ ರೀತಿ, ಎಲ್ಲವನ್ನೂ ಹೇಳಿದೆ. ಊಟಕ್ಕೆ ಕೂತ ಮೇಲೂ ಅಂಕಲ್, ಪುಳಿಯೋಗರೆ ಮುಗಿಸಿ ಮೊಸರನ್ನಕ್ಕೆ ಬರುವವರೆಗೂ ತಲೆಯಾಡಿಸುತ್ತ ಕೇಳಿದರು. ಆಮೇಲೆ, "ಅಲ್ಲಪ್ಪಾ, ಕುಕ್ಕರ್‌ಗೆ ಪ್ಲಾಸ್ಟಿಕ್ ಹಿಡಿಕೆ ಹಾಕೋದೇ ಕೈ ಸುಡಬಾರದು ಅಂತ. ಇದ್ದದ್ದು ಅದೊಂದು ಅನುಕೂಲ. ಅದರಲ್ಲೂ ಬಿಸಿ ಹೋಗೋ ಹಾಗೆ ಮಾಡ್ತಿದ್ದೀರಾ?" ಎಂದರು.

ಇದು ಹಿಡಿಕೆಗಲ್ಲ ಅಂಕಲ್, ದೀಪಕ್ಕೆ ಎಂದೆ. ಸರಿಯಪ್ಪಾ ಎಂದು ಒಪ್ಪಿಕೊಂಡರು. ನನಗೂ ಸಮಾಧಾನವಾಯಿತು. ಕೈ ತೊಳೆದು ಬರುವಷ್ಟರಲ್ಲಿ ಅವರು ತಮ್ಮ ಮಗನಿಗೆ ನನ್ನ ಪರಿಚಯ ಮಾಡಿಕೊಡುತ್ತಿದ್ದರು.

"ಇವರು ಕೈ ಸುಡೋ ಹಿಡಿಕೆ ಮಾಡ್ತಾರಂತೆ ಕಣೋ. ಅದಕ್ಕೇ ಅಂತ ಪಿಎಚ್‌ಡಿ ಬೇರೆ ಮಾಡಿದ್ದಾರೆ."

ಲಿಟರೇಚರ್

ನ್ಯಾನೋ ಪುಡಿಯ ದೊಡ್ಡ ಕಾಟ ಎಂದರೆ ಗಂಟು. ಕರಗಿದ ಪ್ಲಾಸ್ಟಿಕ್ಕಿಗೆ ಸುರಿದ ತಕ್ಷಣ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಗಂಟಿರುವ ಕಡೆ ಪುಡಿಯೆಲ್ಲ ಕೂಡಿಕೊಂಡು, ಉಳಿದ ಕಡೆ ಬರೀ ಪ್ಲಾಸ್ಟಿಕ್ ಉಳಿಯುತ್ತದೆ. ಬಿಸಿ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಫೆಬ್ರವರಿ ಪೂರ್ತಿ ನಾವು ಮಾಡಿದ ಹಾಳೆಗಳೆಲ್ಲ ಗಂಟು. ಯಂತ್ರವನ್ನು ಇನ್ನೂ ಜೋರಾಗಿ ತಿರುಗಿಸಿದರೆ ಗಂಟು ಒಡೆಯುತ್ತದೆ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಜೋರು ಮಾಡಿದೆ. ಗಂಟು ಹಾಗೇ ಇತ್ತು, ಯಂತ್ರದ ಬೆಲ್ಟು ಹರಿಯಿತು.

ಒಂದು ಶನಿವಾರ ನನ್ನ ಹೆಂಡತಿ ಝುಣಕ ಮಾಡುತ್ತಿದ್ದಳು. ಧಾರವಾಡದವಳು, ಅವಳ ಝುಣಕದಲ್ಲಿ ಗಂಟು ಹುಡುಕಿದರೂ ಸಿಗುವುದಿಲ್ಲ. ನಾನು ಪಕ್ಕದಲ್ಲಿ ನಿಂತು ನಮ್ಮ ಗಂಟಿನ ಗೋಳನ್ನು ಹೇಳಿಕೊಳ್ಳುತ್ತಿದ್ದೆ. ಅವಳು ಕಡಲೆ ಹಿಟ್ಟನ್ನು ಒಂದು ಬಟ್ಟಲಲ್ಲಿ ಸ್ವಲ್ಪವೇ ತಣ್ಣೀರು ಹಾಕಿ ನುಣ್ಣಗೆ ಕಲಸಿಕೊಂಡು, ಆಮೇಲೆ ಒಗ್ಗರಣೆಯ ಕುದಿಯುವ ನೀರಿಗೆ ಬಿಟ್ಟಳು.

"ಕುದಿಯೋದರಾಗ ಒಮ್ಮೆಲೆ ಸುರದ್ರ ಗಂಟ ಆಗದ ಇನ್ನೇನ ಆಗತಾವರಿ? ಮೊದಲ ಸ್ವಲ್ಪದರಾಗ ಕಲಸಿಕೋರಿ," ಎಂದಳು.

ಅದು ಹಿಟ್ಟು, ಇದು ವಿಜ್ಞಾನ ಎಂದು ನಾನು ನಕ್ಕೆ. ಸೋಮವಾರ ಬೆಳಿಗ್ಗೆ, ಯಾರಿಗೂ ಹೇಳದೆ, ಸ್ವಲ್ಪ ಪ್ಲಾಸ್ಟಿಕ್ಕಿನಲ್ಲಿ ಪುಡಿಯನ್ನೆಲ್ಲ ಮೊದಲು ಗಟ್ಟಿಯಾಗಿ ನಾದಿ, ಆಮೇಲೆ ಉಳಿದ ಪ್ಲಾಸ್ಟಿಕ್ಕಿಗೆ ಬೆರೆಸಿದೆ. ಪ್ಲಾಸ್ಟಿಕ್ ಕಸುಬಿನವರು ಬಣ್ಣ ಹಾಕುವಾಗ ತಲೆಮಾರುಗಳಿಂದ ಮಾಡುತ್ತ ಬಂದದ್ದೂ ಇದನ್ನೇ. ಅತಿ ಬುದ್ಧಿವಂತಿಕೆಯಿಂದ ಒಂದು ಹಂತ ಉಳಿಸಲು ಹೋಗಿ ನಾನೇ ಅದನ್ನು ಬಿಟ್ಟಿದ್ದೆ. ಹಾಳೆಯಲ್ಲಿ ಒಂದು ಗಂಟೂ ಇರಲಿಲ್ಲ. ಬಿಸಿ ಹೋಗುವುದು ನಾಲ್ಕು ಪಟ್ಟು ಹೆಚ್ಚಿತ್ತು. ಬಾಸ್ ಖುಷಿಯಾಗಿ ಈ ಉಪಾಯ ಎಲ್ಲಿ ಸಿಕ್ಕಿತು ಎಂದು ಕೇಳಿದರು. ನಾನು ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, ಲಿಟರೇಚರ್‌ನಲ್ಲಿದೆ ಎಂದೆ. ನಮ್ಮ ಕಸುಬಿನಲ್ಲಿ ಹಾಗೆಂದರೆ ಹಿಂದಿನವರು ಬರೆದಿಟ್ಟ ಸಂಶೋಧನೆ ಎಂದರ್ಥ.

ಸಂಜೆ ಇದನ್ನು ಮನೆಯಲ್ಲಿ ಹೇಳಿ ತಪ್ಪು ಮಾಡಿದೆ. ಅವತ್ತಿನಿಂದ ಅಡುಗೆಮನೆಯಿಂದ ಬರುವ ಕರೆಯೇ ಬೇರೆಯಾಯಿತು.

"ಊಟಕ್ಕ ಬರ್ರಿ, ಲಿಟರೇಚರ್ ಕರೀಲಿಕ್ಕತ್ತದ."

ಪ್ರಾಸ್ಪರ್‌ನ ಹೊಸ ಟೇಬಲ್

ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಗೆಳೆಯರೊಬ್ಬರು ಡಲ್ಲಾಸ್ ಹೊರಗೆ ಹೊಸದಾಗಿ ಬೆಳೆಯುತ್ತಿದ್ದ ಪ್ರಾಸ್ಪರ್‌ನಲ್ಲಿ ಹೊಸ ಮನೆಯ ಗೃಹಪ್ರವೇಶ ಇಟ್ಟುಕೊಂಡರು. ಬೀದಿಯ ಮರಗಳು ಇನ್ನೂ ನನ್ನ ಸೊಂಟದೆತ್ತರ ಇದ್ದವು, ಅರ್ಧ ಮನೆಗಳಿಗೆ ಬಾಗಿಲೇ ಕೂತಿರಲಿಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆಂದು ನಾನು ಉಡುಗೊರೆಯ ಜೊತೆಗೆ ನಮ್ಮ ಹಾಳೆಯನ್ನೂ ಒಯ್ದೆ. ಉಡುಗೊರೆ ಹೆಂಡತಿಯ ಕೈಯಲ್ಲಿತ್ತು, ಹಾಳೆ ನನ್ನ ಕೈಯಲ್ಲಿ.

ಪೂಜೆ ಮುಗಿದ ಮೇಲೆ ಜನರನ್ನು ಸೇರಿಸಿ, ಮಾಮೂಲಿ ಪ್ಲಾಸ್ಟಿಕ್ ತಟ್ಟೆಯ ಮೇಲೆ ಒಂದು ಐಸ್ ತುಂಡು, ನಮ್ಮ ಹಾಳೆಯ ಮೇಲೆ ಒಂದು ಐಸ್ ತುಂಡು ಇಟ್ಟು, ಎರಡರ ಕೆಳಗೂ ಅಂಗೈ ಹಿಡಿಯಲು ಹೇಳಿದೆ. ತಟ್ಟೆಯ ಮೇಲಿನದು ಹಾಗೇ ಕೂತಿತ್ತು. ಹಾಳೆಯ ಮೇಲಿನದು ನೋಡುನೋಡುತ್ತಲೇ ನೀರಾಯಿತು. ಎಲ್ಲರೂ ಭಲೆ ಎಂದರು. ಇಂಥ ಮಾತನ್ನು ನಾನು ನಿಂತು ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಆಮೇಲೆ ಹಾಳೆಯನ್ನು ಒರೆಸಿ ಡೈನಿಂಗ್ ಟೇಬಲ್ ಮೇಲಿಟ್ಟು ಮನೆ ನೋಡಲು ಮಹಡಿಗೆ ಹೋದೆ.

ಕೆಳಗೆ ಒಬ್ಬ ಆಂಟಿ ಒಲೆಯಿಂದ ಕುದಿಯುವ ಬೇಳೆ ಸಾರಿನ ಪಾತೇಲಿ ಇಳಿಸಿದರು. ಹೊಸ ಟೇಬಲ್ ಕೆಡಬಾರದು ಎಂದು ಅತ್ತಿತ್ತ ನೋಡಿದರು. ಒಳ್ಳೆಯ ಹಾಸು ಒಂದು ಎದುರಿಗೇ ಇತ್ತು. ಪಾತೇಲಿಯನ್ನು ಜೋಪಾನವಾಗಿ ಅದರ ಮೇಲಿಟ್ಟರು.

ಊಟ ಮುಗಿದು ಪಾತೇಲಿ ಎತ್ತಿ ಹಾಳೆ ಸರಿಸಿದರೆ, ಟೇಬಲ್ಲಿನ ಪಾಲಿಶ್ ಮೇಲೆ ಬೆಳ್ಳಗೆ ಒಂದು ದುಂಡು ಗುರುತು. ಮನೆಯವರ ಮುಖ ಸಪ್ಪಗಾಯಿತು. ಆಂಟಿ ಅಳುವುದೊಂದು ಬಾಕಿ. ನಾನು ಫೋನಿನ ಬೆಳಕು ಹಿಡಿದು ಟೇಬಲ್ಲಿಗೆ ಬಗ್ಗಿದೆ. ಗುರುತು ಎಲ್ಲೂ ತುಂಡಾಗಿರಲಿಲ್ಲ, ಒಂದು ಕಡೆ ದಪ್ಪ ಒಂದು ಕಡೆ ತೆಳು ಎಂಬುದಿರಲಿಲ್ಲ. ಹಾಳೆಯಲ್ಲಿ ಗಂಟಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಯಾವ ಲ್ಯಾಬಿನಲ್ಲೂ ಸಿಗದು. ಹೆಂಡತಿ ನನ್ನ ಅಂಗಿ ಜಗ್ಗುತ್ತಿದ್ದಳು. ನಾನು ತಡೆಯಲಾರದೆ, ನೋಡಿ ಎಷ್ಟು ಒಂದೇ ಸಮ ಬಂದಿದೆ ಎಂದುಬಿಟ್ಟೆ.

"ಹೌದರಿ, ಭಾಳ ಚಂದ ಬಂದದ," ಎಂದರು ಗೆಳೆಯರು. "ಈ ಕಡೆ ಮೂರ ಮೂಲಿ ಉಳದಾವ ನೋಡ್ರಿ. ಅಲ್ಲಿನೂ ಒಂದೊಂದ ಹಾಕಿ ಬಿಡ್ರಿ, ಡಿಸೈನ್ ಅಂತ ಹೇಳತೀನಿ."

ಆಸ್ಟಿನ್‌ನಲ್ಲಿ ಎದ್ದ ಗುಡ್ಡ

ಹೂಸ್ಟನ್‌ನವರು ನಮ್ಮ ಲೆಕ್ಕವನ್ನಷ್ಟೇ ನಂಬುವವರಲ್ಲ. ಹೊರಗಿನ ಲ್ಯಾಬೊಂದರ ರಿಪೋರ್ಟು ಬೇಕು ಎಂದರು. ಅಂಥದ್ದೊಂದು ಆಸ್ಟಿನ್‌ನಲ್ಲಿತ್ತು. ರೂಪಾಯಿಯಗಲದ ಹನ್ನೆರಡು ಬಿಲ್ಲೆಗಳನ್ನು ಕತ್ತರಿಸಿ ನಾನೇ ಡ್ರೈವ್ ಮಾಡಿಕೊಂಡು ಕೊಟ್ಟುಬರುವುದೆಂದಾಯಿತು. ಲ್ಯಾಬಿನಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬಿಲ್ಲೆಗಳು ಒಂದಕ್ಕೊಂದು ಉಜ್ಜುತ್ತವೆ ಎಂದು, ಗಟ್ಟಿಯಾದದ್ದು ಏನಾದರೂ ಇದೆಯೇ ಎಂದು ಹೆಂಡತಿಯನ್ನು ಕೇಳಿದೆ.

ನಮ್ಮಂಥ ಮನೆಗಳಲ್ಲಿ ಇದನ್ನು ಕೇಳಬಾರದು. ನಾವು ಬಾಟ್ಲಿ ಎಸೆಯುವ ಜನವಲ್ಲ. ಸಿಂಕಿನ ಕೆಳಗಿನ ಕಪಾಟು ತೆಗೆದರೆ ಹತ್ತು ವರ್ಷದ ಉಪ್ಪಿನಕಾಯಿ, ಜೇನುತುಪ್ಪ, ಮೊಸರು, ಎಲ್ಲದರ ಖಾಲಿ ಬಾಟ್ಲಿ ಡಬ್ಬಿಗಳೂ ಸಾಲಾಗಿ ನಿಂತಿರುತ್ತವೆ. ಹಿಂದಿನ ದಿನವಷ್ಟೇ ಖಾಲಿಯಾಗಿದ್ದ, ಅಗಲ ಬಾಯಿಯ ತುಪ್ಪದ ಗಾಜಿನ ಬಾಟ್ಲಿ ಸಿಕ್ಕಿತು. ಬಿಸಿನೀರು ಸೋಪು ಹಾಕಿ ತಿಕ್ಕಿ ಕೊಡುತ್ತೇನೆ ತಡೀರಿ ಎಂದಳು. ಮೆಟೀರಿಯಲ್ಸ್‌ನಲ್ಲಿ ಪಿಎಚ್‌ಡಿ ಮಾಡಿದವನಿಗೆ ಬಾಟ್ಲಿ ತೊಳೆಯುವುದನ್ನು ಹೇಳಿಕೊಡಬೇಡ ಎಂದು ನಾನೇ ನಲ್ಲಿಯ ಕೆಳಗೆ ಹಿಡಿದು, ಎರಡು ಸಲ ಅಲ್ಲಾಡಿಸಿ, ಒರೆಸಿದೆ. ಗಾಜು ಹೊಳೆಯುತ್ತಿತ್ತು. ಮುಚ್ಚಳದ ಒಳಗೆ ನೋಡುವ ಗೋಜಿಗೆ ಹೋಗಲಿಲ್ಲ.

ಮೇ ತಿಂಗಳ ಬಿಸಿಲಿನಲ್ಲಿ ಮೂರು ಗಂಟೆಯ ದಾರಿ. ಬಾಟ್ಲಿ ಪಕ್ಕದ ಸೀಟಿನಲ್ಲಿ ಬಿಸಿಲು ಕಾಯಿಸುತ್ತ ನನ್ನ ಜೊತೆ ಆಸ್ಟಿನ್‌ಗೆ ಬಂತು.

ಒಂದು ಯಂತ್ರವಿದೆ. ಸಾಸಿವೆಯಷ್ಟು ಚೂರನ್ನು ಅದರಲ್ಲಿಟ್ಟರೆ ಡಿಗ್ರಿ ಡಿಗ್ರಿಯಾಗಿ ಬಿಸಿ ಮಾಡುತ್ತ ಒಂದು ಗೆರೆ ಎಳೆಯುತ್ತದೆ. ಚೂರಿನಲ್ಲಿ ಏನಾದರೂ ಕರಗಿದರೆ ಆ ಡಿಗ್ರಿಯಲ್ಲಿ ಗೆರೆ ಗುಡ್ಡದಂತೆ ಏಳುತ್ತದೆ. ವಾರದ ಮೇಲೆ ಬಂದ ರಿಪೋರ್ಟಿನಲ್ಲಿ, ಬಿಸಿ ಹೋಗುವ ಲೆಕ್ಕ ನಾವು ಹೇಳಿದಷ್ಟೇ ಇತ್ತು. ಅದರ ಜೊತೆಗೆ ಮೂವತ್ತನಾಲ್ಕು ಡಿಗ್ರಿಯಲ್ಲಿ, ಯಾರೂ ಕೇಳದ ಒಂದು ಸಣ್ಣ ಗುಡ್ಡ. ನಮ್ಮ ಪ್ಲಾಸ್ಟಿಕ್ಕೂ ಅಲ್ಲಿ ಕರಗುವುದಿಲ್ಲ, ಪುಡಿಯಂತೂ ಕರಗುವ ಜಾತಿಯೇ ಅಲ್ಲ.

ಬೇರೆಯವನಾಗಿದ್ದರೆ ಹೆದರುತ್ತಿದ್ದ. ನಾನು ಹಿಗ್ಗಿದೆ. ನ್ಯಾನೋ ಕಣಗಳ ಸುತ್ತ ಪ್ಲಾಸ್ಟಿಕ್ ಹೊಸ ರೂಪ ತಾಳಿದೆ, ದೀಪ ಬೆಚ್ಚಗಾಗುತ್ತಲೇ ಹಾಳೆ ತಾನೇ ಒಂದಿಷ್ಟು ಬಿಸಿಯನ್ನು ನುಂಗುತ್ತದೆ, ಜಗತ್ತಿನಲ್ಲಿ ಇದು ಯಾರಲ್ಲೂ ಇಲ್ಲ ಎಂದು ಬಾಸ್‌ಗೆ ಹೇಳಿದೆ. ಅವರು ಇದಕ್ಕಾಗಿಯೇ ಐದು ಸ್ಲೈಡ್ ಹಾಕಿ ಎಂದರು. ನಾನು ಒಂಬತ್ತು ಹಾಕಿದೆ. ಅಜ್ಜ ಲ್ಯಾಬಿನಲ್ಲಿ ಉಳಿದಿದ್ದ ಅದೇ ಹಾಳೆಯ ಚೂರನ್ನು ನಮ್ಮ ಯಂತ್ರದಲ್ಲಿ ಹಾಕಿ ನೋಡಿ, ಇಲ್ಲಿ ಗುಡ್ಡ ಬರುತ್ತಿಲ್ಲವಲ್ಲ ಎಂದ. ನಮ್ಮ ಯಂತ್ರ ಹಳೆಯದು, ಅದಕ್ಕೆ ಕಾಣುವುದಿಲ್ಲ ಎಂದು ಬಾಯಿ ಮುಚ್ಚಿಸಿದೆ.

ಅಜ್ಜ ಯಂತ್ರವನ್ನು ಮೆಲ್ಲಗೆ ತಟ್ಟಿ ಹೇಳಿದ: "ನಾವಿಬ್ಬರೂ ಹಳಬರೇ. ಇಲ್ಲದ್ದನ್ನು ಕಂಡೆವು ಅನ್ನುವ ಅಭ್ಯಾಸ ಇಬ್ಬರಿಗೂ ಇಲ್ಲ."

ಮುಚ್ಚಳ

ಜೂನ್‌ನಲ್ಲಿ ಬಾಸ್ ಮತ್ತು ನಾನು ಹೂಸ್ಟನ್‌ಗೆ ಹೋದೆವು. ಉದ್ದನೆಯ ಮೇಜಿನ ಆಚೆ ಆರು ಜನ ಕೂತಿದ್ದರು. ನಡುವೆ ಕೂತಿದ್ದ ಹಿರಿಯ ವಿಜ್ಞಾನಿ ಉಡುಪಿ ಕಡೆಯ ಮೇಡಂ, ಊರ ಹೊರಗಿನ ಸೈಪ್ರೆಸ್‌ನಲ್ಲಿ ಮನೆ ಎಂದು ಶುರುವಿನಲ್ಲೇ ಮಾತಾಡಿಸಿದ್ದರು. ಹಾಳೆ ಬೇಕು, ಬೇಡ ಎನ್ನುವವರು ಅವರೇ. ಅವರು ಎಲ್ಲ ಸ್ಲೈಡುಗಳನ್ನೂ ಸುಮ್ಮನೆ ನೋಡಿದರು. ಗುಡ್ಡ ಬಂದಾಗ ಮಾತ್ರ ಕನ್ನಡಕ ಹಾಕಿಕೊಂಡರು. ನಾನು ಒಂಬತ್ತು ಸ್ಲೈಡನ್ನೂ ಬಿಡದೆ ವಿವರಿಸಿದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಎಂದೂ ಮಾತಾಡಿಲ್ಲ.

ಮುಗಿದ ಮೇಲೆ ಅವರು ಕೇಳಿದ್ದು ಒಂದೇ. ಬಿಲ್ಲೆಗಳನ್ನು ಆಸ್ಟಿನ್‌ಗೆ ಯಾವುದರಲ್ಲಿ ಒಯ್ದಿರಿ? ನಾನು ಹೆಮ್ಮೆಯಿಂದ ಬ್ಯಾಗಿನಿಂದ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟೆ. ಆಸ್ಟಿನ್‌ನವರು ವಾಪಸ್ ಕಳಿಸಿದ್ದ ಮಿಕ್ಕ ಬಿಲ್ಲೆಗಳು ಅದರಲ್ಲೇ ಇದ್ದವು. ಅವರು ಮುಚ್ಚಳ ತಿರುಗಿಸಿ, ಒಳಗಿನ ಅಂಚಿಗೆ ಬೆರಳು ಆಡಿಸಿ, ಮೂಗಿನ ಹತ್ತಿರ ಹಿಡಿದರು. ಆಮೇಲೆ ನನ್ನ ಕಡೆ ಬಾಗಿ, ಉಳಿದವರಿಗೆ ತಿಳಿಯದಂತೆ ಕನ್ನಡದಲ್ಲಿ ಕೇಳಿದರು.

"ಇದು ತುಪ್ಪದ ಬಾಟ್ಲಿ ಅಲ್ವಾ ಮಾರಾಯ್ರೆ?"

ತುಪ್ಪ ಕರಗುವುದು ಎಷ್ಟು ಡಿಗ್ರಿಯಲ್ಲಿ ಎಂದು ನನಗೆ ಗೊತ್ತಿತ್ತು. ಬಿಸಿಯ ವಿಷಯದಲ್ಲಿ ಎಲ್ಲವೂ ಗೊತ್ತು ಎಂದೆನಲ್ಲ. ಮುಚ್ಚಳದ ತುಪ್ಪ ದಾರಿಯ ಬಿಸಿಲಿಗೆ ಕರಗಿ ಬಿಲ್ಲೆಗಳ ಮೇಲೆ ಇಳಿದದ್ದು ಕಣ್ಣಿಗೆ ಕಟ್ಟಿತು. ಬಾಸ್ ಪಕ್ಕದಲ್ಲಿ ಏನಂತೆ ಏನಂತೆ ಎಂದು ಪಿಸುಗುಡುತ್ತಿದ್ದರು. ಮೇಡಂ ಕನ್ನಡದಲ್ಲಿ ಕೇಳಿ ನನಗೆ ತಪ್ಪಿಸಿಕೊಳ್ಳಲು ದಾರಿ ಬಿಟ್ಟಿದ್ದರು, ಅದೂ ತಿಳಿಯಿತು. ಆದರೆ ಇಲ್ಲದ್ದನ್ನು ಕಂಡೆ ಎನ್ನುವ ಅಭ್ಯಾಸ ತನಗಿಲ್ಲ ಎಂದ ಅಜ್ಜನ ಮುಖ ಎದುರಿಗೆ ಬಂತು. ಎದ್ದು ನಿಂತು ಇಂಗ್ಲಿಷಿನಲ್ಲೇ ಎಲ್ಲರಿಗೂ ಹೇಳಿದೆ: ಈ ಒಂಬತ್ತು ಸ್ಲೈಡು ತುಪ್ಪದ್ದು, ದಯವಿಟ್ಟು ಬಿಟ್ಟುಬಿಡಿ. ಉಳಿದ ಲೆಕ್ಕ ನಮ್ಮದು, ಅದಕ್ಕೆ ನಾನು ಜವಾಬ್ದಾರ.

ಮೇಡಂ ನಗಲಿಲ್ಲ. ಬಾಟ್ಲಿ ಇಲ್ಲೇ ಇರಲಿ, ನಾವೇ ಪರೀಕ್ಷೆ ಮಾಡಿ ತಿಳಿಸುತ್ತೇವೆ ಎಂದರು.

ವಾಪಸ್ ಬರುವಾಗ ಕಾರನ್ನು ಬಾಸ್ ಓಡಿಸಿದರು. ಅರ್ಧ ದಾರಿಯಲ್ಲಿ ಪೆಟ್ರೋಲ್ ಹಾಕಿಸುವಾಗ, ತುಪ್ಪ ಅಂದರೆ ಏನು ಎಂದು ಕೇಳಿದರು. ಬೆಣ್ಣೆ ಕಾಯಿಸಿದರೆ ಬರುವುದು ಎಂದೆ. ಟ್ಯಾಂಕಿನ ಮುಚ್ಚಳ ಬಿಗಿಮಾಡಿ ಮತ್ತೆ ಕಾರು ಹತ್ತಿದರು.

"ಇಪ್ಪತ್ತು ವರ್ಷ ಕಂಪನಿ ನಡೆಸಿದೆ," ಎಂದರು ಕೊನೆಗೆ. "ಬೆಣ್ಣೆಯಿಂದ ಮುಳುಗುತ್ತದೆ ಅಂದುಕೊಂಡಿರಲಿಲ್ಲ."

ಖಾಲಿ ಬಾಟ್ಲಿ

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಹೆಂಡತಿ ಪೂರ್ತಿ ಕೇಳಿ, ಬಾಟ್ಲಿ ಎಲ್ಲಿ ಎಂದಳು. ಅವರ ಹತ್ತಿರವೇ ಉಳಿಯಿತು ಎಂದೆ. ಅವಳ ಮುಖ ಅರಳಿತು.

ನಮ್ಮಲ್ಲಿ ಒಬ್ಬರ ಮನೆಯ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಉಡುಪಿಯವರು ಇದರಲ್ಲಿ ನಮಗಿಂತ ಗಟ್ಟಿ ಎಂದು ಅವಳ ಅಭಿಪ್ರಾಯ. "ತುಂಬಿ ಬಂತು ಅಂದ್ರ ನಿಮ್ಮ ಕೆಲಸ ಆತು ಅಂತ ತಿಳೀರಿ. ಖಾಲಿ ಬಂತು ಅಂದ್ರ ಮುಗೀತು," ಎಂದಳು. ನಾನು ಇದನ್ನು ಅಜ್ಜನಿಗೂ ಹೇಳಿದೆ. ಅವನು ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ವಿಜ್ಞಾನವೊಂದನ್ನು ಪ್ರಶ್ನೆಯಿಲ್ಲದೆ ಒಪ್ಪಿದ.

ಮೂರು ವಾರ ಸುದ್ದಿಯಿಲ್ಲ. ಅಜ್ಜನ ಕಪಾಟಿನಲ್ಲಿ ಇಪ್ಪತ್ತು ವರ್ಷದಿಂದ ಕೂಡಿಟ್ಟ ಕಾಫಿ ಮಗ್ಗುಗಳಿದ್ದವು. ದಿನಕ್ಕೊಂದನ್ನು ಕಾಗದದಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ಹಾಕತೊಡಗಿದ. ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ಆ ಮೂರು ವಾರ ಊಟ ಸೇರಲಿಲ್ಲ, ತುಪ್ಪವಂತೂ ಮುಟ್ಟಲಿಲ್ಲ.

ಒಂದು ಶುಕ್ರವಾರ ಹೂಸ್ಟನ್‌ನಿಂದ ಪಾರ್ಸೆಲ್ ಬಂತು. ಅಜ್ಜ ಚಾಕು ಕೊಟ್ಟ. ನಾನು ಕತ್ತರಿಸಿ ಬಾಟ್ಲಿಯನ್ನು ಮೇಲೆತ್ತಿದೆ. ಥಳಥಳ ಹೊಳೆಯುತ್ತಿತ್ತು. ಒಳಗೆ ಏನೂ ಇರಲಿಲ್ಲ. ಬೆಳಕಿಗೆ ಹಿಡಿದೆ, ತಿರುಗಿಸಿ ಅಲ್ಲಾಡಿಸಿದೆ, ಒಂದು ಕಾಳು ಸಕ್ಕರೆಯೂ ಇಲ್ಲ. ಅಜ್ಜ ಕಪಾಟಿನಲ್ಲಿ ಉಳಿದಿದ್ದ ಕೊನೆಯ ಮಗ್ಗನ್ನು ತೆಗೆದು ಕಾಗದ ಸುತ್ತತೊಡಗಿದ.

ನಾನು ಪಾರ್ಸೆಲ್ಲಿನ ಪೆಟ್ಟಿಗೆ ಮಡಚುವಾಗ ತಳದಲ್ಲಿ ಎರಡು ಕಾಗದ ಕಂಡವು. ಮೇಲಿನದು ಗೆರೆಯ ಚಿತ್ರ. ಮೂವತ್ತನಾಲ್ಕು ಡಿಗ್ರಿಯಲ್ಲಿ ಗೆರೆ ಅಂಗಳದಂತೆ ಸಪಾಟಾಗಿತ್ತು. ಅದರ ಕೆಳಗೆ ಕನ್ನಡದಲ್ಲಿ ದುಂಡನೆಯ ಕೈಬರಹ: 'ಬಿಲ್ಲೆಗಳನ್ನು ಒರೆಸಿ ನಾವೇ ಪರೀಕ್ಷೆ ಮಾಡಿದೆವು, ನೀವು ಹೇಳಿದ ಲೆಕ್ಕ ಸರಿಯಿದೆ. ಬಾಟ್ಲಿಯನ್ನು ಮುಚ್ಚಳ ಸಹಿತ ಬಿಸಿನೀರು, ಸೋಪು ಹಾಕಿ ಮೂರು ಸಲ ತೊಳೆದಿದ್ದೇನೆ. ಮೊದಲ ಇನ್ನೂರು ಹಾಳೆಗಳ ಜೊತೆ ಪರೀಕ್ಷೆಯ ಬಿಲ್ಲೆಗಳನ್ನು ಇದರಲ್ಲೇ ಕಳಿಸಿ. ತಪ್ಪನ್ನು ನೀವೇ ಎದ್ದು ಹೇಳಿದ್ದು ಒಳ್ಳೆಯದಾಯಿತು.' ಅದರ ಹಿಂದಿನ ಕಾಗದವೇ ಆರ್ಡರು.

ನಾನು ಅದನ್ನು ಅಜ್ಜನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಮಗ್ಗಿನ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಕಾಗದ ಬಿಚ್ಚಿ ಮಗ್ಗುಗಳನ್ನೆಲ್ಲ ಒಂದೊಂದಾಗಿ ಕಪಾಟಿನಲ್ಲಿ ಅವವುಗಳ ಜಾಗಕ್ಕೇ ಇಟ್ಟು, ಕೊನೆಯದರಲ್ಲಿ ನನಗೆ ಕಾಫಿ ಹಾಕಿ ಕೊಟ್ಟ.

ಸಂಜೆ ಬಾಟ್ಲಿ ಹಿಡಿದು ಮನೆಗೆ ಓಡಿ, ಆರ್ಡರ್ ಬಂತು ಎಂದೆ. ಹೆಂಡತಿ ದೇವರಿಗೆ ಕೈಮುಗಿದು, ಬಾಟ್ಲಿ ತೆಗೆದುಕೊಂಡು, ಮುಚ್ಚಳ ತೆಗೆದು ಒಳಗೆ ನೋಡಿದಳು. ಮತ್ತೆ ನೋಡಿದಳು.

"ಆರ್ಡರ್ ಬಂದದ್ದು ಛಲೋ ಆತರಿ. ಆದರ ಖಾಲಿ ಕಳಸ್ಯಾರಲ್ಲ?"

ಒಂದು ಕಾಳು ಸಕ್ಕರೆ ಉಳಿದರೂ ಯಂತ್ರ ಹಿಡಿಯುತ್ತದೆ, ಈ ಬಾಟ್ಲಿ ಖಾಲಿ ಇರುವುದೇ ನಮ್ಮ ಪುಣ್ಯ ಎಂದು ವಿವರವಾಗಿ ಹೇಳಿದೆ. ಸೋಮವಾರ ಬಿಲ್ಲೆಗಳನ್ನು ಹಾಕಿ ಇದೇ ಬಾಟ್ಲಿಯನ್ನು ಅವರಿಗೆ ಕಳಿಸಬೇಕು ಎಂದೂ ಹೇಳಿದೆ. ಅವಳು ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದಳು. ಅರ್ಥವಾಯಿತು ಎಂದುಕೊಂಡು ಸ್ನಾನಕ್ಕೆ ಹೋದೆ.

ತಿರುಗಿ ಬರುವಾಗ ಅಡುಗೆಮನೆಯಿಂದ ಘಮಘಮ ಎನ್ನುತ್ತಿತ್ತು. ಬಾಟ್ಲಿ ಕಟ್ಟೆಯ ಮೇಲಿತ್ತು, ಕುತ್ತಿಗೆಯವರೆಗೂ ಹೊಸ ತುಪ್ಪ.

"ಅವರ ರೀತಿ ಅವರಿಗಿರಲಿ," ಎಂದಳು. "ನಾವಂತೂ ಖಾಲಿ ಕಳಸಂಗಿಲ್ಲ."